ಬಂದ್ ದಿನ ಕಲಿತ ಸೈಕಲ್

ನಾನು ಸೈಕಲ್ ಕಲಿತಿದ್ದು ಮೂವತ್ತೆಂಟನೇ ವಯಸ್ಸಿನಲ್ಲಿ, ಕಲ್ಕತ್ತೆಯ ಬಂದ್ ದಿನಗಳಲ್ಲಿ. ನಗಬೇಡಿ. ಎಡಪಕ್ಷಗಳ ಸರ್ಕಾರವಿದ್ದ ಆ ಕಾಲದಲ್ಲಿ ಬಂದ್‌ಗೇನೂ ಬರವಿರಲಿಲ್ಲ. ಒಮ್ಮೆ ವಿರೋಧ ಪಕ್ಷದವರು ಕರೆದರೆ, ಇನ್ನೊಮ್ಮೆ ದೆಹಲಿಯ ಮೇಲಿನ ಸಿಟ್ಟಿಗೆ ಆಳುವವರೇ ಕರೆಯುತ್ತಿದ್ದರು. ಟ್ರಾಮ್ ಇಲ್ಲ, ಬಸ್ಸಿಲ್ಲ. ಬಿಬಿಡಿ ಬಾಗ್‌ನ ಆಫೀಸಿಗೆ ಹೋಗಬೇಕಾದ ನನ್ನ ಗಂಡ ಪಂಚೆ ಉಟ್ಟು ಮನೆಯಲ್ಲೇ ಪೇಪರ್ ಓದುತ್ತಿದ್ದರು. ಬೀದಿಯ ಮಕ್ಕಳು ನಡುರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದರು, ನಾನು ಅವರ ವಿಕೆಟ್ಟಿನ ಮೇಲೆ ಸೈಕಲ್ ಹತ್ತಿಸುತ್ತಿದ್ದೆ.

ಆ ವಯಸ್ಸಿನಲ್ಲಿ ಈ ಹುಚ್ಚೇಕೆ ಅಂತೀರಾ? ಅದಕ್ಕೆ ಕಾರಣ ಪಕ್ಕದ ಮನೆಯ ಭೂಗೋಳದ ಮೇಷ್ಟ್ರು. ಬೀದಿಯವರೆಲ್ಲ ಅವರನ್ನು ಮಾಸ್ಟರ್‌ಮಶಾಯ್ ಅಂತಲೇ ಕರೆಯುವುದು. ಚಳಿಗಾಲದ ರಜೆಗೆ ನಮ್ಮ ಬೀದಿಯ ಕ್ಲಬ್ಬಿನವರನ್ನು ಜೈಸಲ್ಮೇರಿಗೆ ಕರೆದುಕೊಂಡು ಹೋಗುತ್ತೇನೆ, ಬೆಳಿಗ್ಗೆ ಸೈಕಲ್ ಸವಾರಿ, ಸಂಜೆ ಮರಳುದಿಬ್ಬಗಳ ಮೇಲೆ ನಡಿಗೆ ಅಂತ ಹದಿಮೂರು ವರ್ಷದ ನನ್ನ ಮಗಳ ಹೆಸರು ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಬನ್ನಿ ಬೌದಿ, ಜೀಪಿನಲ್ಲಿ ಪಾತ್ರೆಗಳ ಜೊತೆ ಜಾಗ ಇದೆ" ಅಂದರು. ಬೌದಿ ಅಂದರೆ ಅತ್ತಿಗೆ. ಬಾಯಿ ತುಂಬ ಅತ್ತಿಗೆ ಅಂದು ಪಾತ್ರೆಗಳ ಜೊತೆ ಕೂರಿಸೋದೇ! ನನಗೆ ಮೈಯೆಲ್ಲ ಉರಿದುಹೋಯಿತು. ಮದುವೆಯಾಗಿ ಮೈಸೂರಿನಿಂದ ಬಂದಾಗಿನಿಂದ ಪುರಿಗೆ ಹೋಗಲಿ, ಡಾರ್ಜಿಲಿಂಗ್‌ಗೆ ಹೋಗಲಿ, ನಾನು ಕೂತಿದ್ದು ಪಾತ್ರೆಗಳ ಜೊತೆಯೇ. "ನಾನು ಸೈಕಲ್ಲಲ್ಲೇ ಬರ್ತೀನಿ" ಅಂದುಬಿಟ್ಟೆ. ಗಂಡ ಪೇಪರಿನಿಂದ ತಲೆ ಎತ್ತಿ ನೋಡಿದರು, ಪಾಪ, ಮತ್ತೆ ಪೇಪರಿಗೇ ತಲೆ ತಗ್ಗಿಸಿದರು.

ಕಲಿಸಿದವಳು ಮಗಳು. ಮನೆಯ ಕನ್ನಡ, ಬೀದಿಯ ಬಂಗಾಳಿ ಎರಡನ್ನೂ ಕಲಸಿ ಮಾತಾಡುವ ಮಗು ಅದು. "ಅಮ್ಮಾ, ಪೆಡಲ್ ಮಾರು! ಜೋರಾಗಿ ಮಾರು!" ಅಂತ ಹಿಂದೆ ಕೂಗಿಕೊಂಡು ಓಡಿಬರುತ್ತಿದ್ದಳು. ಬಂಗಾಳಿಯಲ್ಲಿ 'ಮಾರೋ' ಅಂದರೆ ಹೊಡೆ ಅಂತ. "ಪೆಡಲ್ ಮಾರಿಬಿಟ್ಟರೆ ಸೈಕಲ್ ಓಡೋದು ಹೇಗೇ?" ಅಂತ ನಗು ಬಂದು ಬಿದ್ದೆ. ಬಿದ್ದವಳನ್ನು ಎಬ್ಬಿಸಿ "ನೀರು ತಿಂತೀಯಾ?" ಅಂದಳು. ಇಲ್ಲಿ ನೀರನ್ನೂ ತಿನ್ನುವುದೇ. ತಿಂದೆ, ಮತ್ತೆ ಹತ್ತಿದೆ.

ನಾಲ್ಕು ಬಂದ್ ಮುಗಿಯುವಷ್ಟರಲ್ಲಿ ಓಡಿಸಲು ಬಂತು, ಬ್ರೇಕ್ ಹಿಡಿದು ಇಳಿಯಲೂ ಬಂತು. ಹತ್ತಲು ಮಾತ್ರ ಬರಲಿಲ್ಲ. ಅವಳು ಹಿಂದಿನಿಂದ ಸೀಟು ಹಿಡಿದು ಹತ್ತು ಹೆಜ್ಜೆ ಓಡಿ ಬಿಟ್ಟರೇನೇ ನನ್ನ ಸೈಕಲ್ ಹೊರಡುವುದು. ಐದನೇ ಬಂದ್ ಬರುವ ಮೊದಲೇ ಹೌರಾದಿಂದ ರೈಲು ಹೊರಟಿತು.

ಹದಿನೆಂಟು ಜನ, ಹದಿನೆಂಟು ಮಂಕಿ ಟೋಪಿ. ಬಿಸಿಲೂರಿಗೆ ಇಷ್ಟೆಲ್ಲ ಯಾಕೆ ಅಂದರೆ "ಠಂಡಾ ಲೇಗೆ ಜಾಬೆ, ಶೀತ ಆಗಿಬಿಡುತ್ತೆ ಬೌದಿ" ಅಂತ ನನಗೂ ಒಂದು ತೊಡಿಸಿದರು. ನನ್ನ ಚಟ್ನಿಪುಡಿಯನ್ನು ಅವರ ಕಡಲೆಪುರಿಗೆ ಬೆರೆಸಿ ಕೊಟ್ಟೆ. ಎರಡನೇ ದಿನಕ್ಕೆ ಡಬ್ಬ ಖಾಲಿ. ಅಂಥ ಅಕ್ಕರೆಯ ಜನ, ಎಷ್ಟು ಹೊತ್ತು ಕೋಪ ಮಾಡಿಕೊಂಡಿರೋದು ಹೇಳಿ.

ಜೈಸಲ್ಮೇರಿನಲ್ಲಿ ಬಾಡಿಗೆ ಸೈಕಲ್ ಹತ್ತಿ, ಹಿಂದೆ ಪಾತ್ರೆಗಳ ಜೀಪು ಬರುತ್ತಿರಲು, ಊರಾಚೆ ಬಂದರೆ, ಅಬ್ಬಾ! ಕಣ್ಣು ಹಾಯುವಷ್ಟು ದೂರ ಒಂದು ಮನೆ ಇಲ್ಲ, ಒಂದು ಅಂಗಡಿ ಇಲ್ಲ. ಇಡೀ ಮರುಭೂಮಿಗೇ ಬಂದ್ ಕರೆದ ಹಾಗಿತ್ತು. ನನಗೆ ಧೈರ್ಯ ಬಂದುಬಿಟ್ಟಿತು. ಆದರೆ ಮಾಸ್ಟರ್‌ಮಶಾಯ್ ಸುಮ್ಮನೆ ಬಿಟ್ಟರೆ ತಾನೆ? ಮರಳು ಕಂಡರೆ ನಿಲ್ಲಿಸಿ ಪಾಠ, ಮುಳ್ಳುಗಿಡ ಕಂಡರೆ ನಿಲ್ಲಿಸಿ ಪಾಠ. ನಿಂತಾಗಲೆಲ್ಲ ನಾನು ಇಳಿಯಬೇಕು, ಹೊರಟಾಗಲೆಲ್ಲ ಮುಂದೆ ಗೆಳತಿಯರ ಜೊತೆ ಇದ್ದ ಮಗಳು ಹಿಂದಕ್ಕೆ ಬಂದು ನನ್ನನ್ನು ಹತ್ತಿಸಬೇಕು. ಮೊದಮೊದಲು ನಗುತ್ತಾ ಬಂದಳು. ಆರನೇ ಸಲ ಬರುವಾಗ ಗೆಳತಿಯರಿಗೆ ಬಂಗಾಳಿಯಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಅಮ್ಮನ ಜೊತೆ ಸಾಕಾಗಿಹೋಯ್ತು."

ಆ ಸಂಜೆ ಎಲ್ಲರೂ ದಿಬ್ಬಗಳ ಮೇಲೆ ನಡೆಯುತ್ತಿದ್ದರು. ಅವಳು ಗೆಳತಿಯರ ಜೊತೆ ಮರಳಲ್ಲಿ ಜಾರಿ ಜಾರಿ ಆಡುತ್ತಿದ್ದಳು. ನಾನು ಶೂನಿಂದ ಮರಳು ಕೊಡವುವ ನೆಪ ಮಾಡಿ ಒಂದು ಕಡೆ ಕೂತು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನು, ಚೆನ್ನಾಗಿಯೇ ಅತ್ತೆ. ಮಗಳಿಗೆ ನಾನು ಭಾರವಾಗಬಾರದು. ನಾಳೆ ನಾನೇ ಹತ್ತಬೇಕು, ಇಲ್ಲದಿದ್ದರೆ ಪಾತ್ರೆಗಳ ಜೊತೆ ಕೂರಬೇಕು.

ಮರುದಿನ ಬೆಳಿಗ್ಗೆ ಮೊದಲ ಪಾಠ ಮುಗಿಯುತ್ತಿದ್ದ ಹಾಗೆ, "ನೀನು ಹೋಗೇ, ನಾನು ಜೀಪಲ್ಲಿ ಬರ್ತೀನಿ" ಅಂದೆ. ಒಂದು ಸಲ ನನ್ನ ಮುಖ ನೋಡಿದಳು, ಅಷ್ಟೇ, ಹೊರಟೇಹೋದಳು. ಇಷ್ಟು ಬೇಗ ಒಪ್ಪಿಕೊಳ್ಳುತ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ.

ಅವಳು ಮರೆಯಾದ ಮೇಲೆ ಶುರು ಮಾಡಿದೆ. ಮೊದಲು ಎಡಕ್ಕೆ ಬಿದ್ದೆ, ಆಮೇಲೆ ಬಲಕ್ಕೆ. "ಬೌದಿ, ಜೀಪು..." ಅಂದರು ಮಾಸ್ಟರ್‌ಮಶಾಯ್. "ನೀವು ಸುಮ್ನಿರಿ!" ಅಂದೆ. ಮೂರನೇ ಸಲ ಬಿದ್ದಿದ್ದು ಮುಳ್ಳುಗಿಡದ ಮೇಲೆ. ಆ ಗಿಡದ ಬಗ್ಗೆ ಪಾಪ ಅವರು ಒಂದು ಮಾತೂ ಆಡಲಿಲ್ಲ. ನಾಲ್ಕನೇ ಸಲ ಸ್ವಲ್ಪ ಇಳಿಜಾರು ಹುಡುಕಿ, ಒಂದು ಕಾಲು ಪೆಡಲಿನ ಮೇಲಿಟ್ಟು, ದೇವರ ಮೇಲೆ ಭಾರ ಹಾಕಿ ಎಗರಿದೆ. ಸೈಕಲ್ ಹೊರಟಿತು, ನೋಡಿದರೆ ನಾನು ಅದರ ಮೇಲಿದ್ದೆ! "ಹತ್ತಿದೆ! ಹತ್ತಿದೆ!" ಅಂತ ಆ ಖಾಲಿ ಮರುಭೂಮಿಯಲ್ಲಿ ಕನ್ನಡದಲ್ಲಿ ಕಿರುಚಿಕೊಂಡೇ ಹೋದೆ.

ಮೈಲಿಯಷ್ಟು ಹೋದಾಗ ರಸ್ತೆಬದಿಯ ಮರದ ಕೆಳಗೆ ಒಂದು ಸೈಕಲ್ ಬಿದ್ದಿತ್ತು. ಪಕ್ಕದಲ್ಲಿ ನನ್ನ ಮಗಳು, ಒಬ್ಬಳೇ, ನಾನು ಬರುವ ದಿಕ್ಕಿಗೇ ಮುಖ ಮಾಡಿ ನಿಂತಿದ್ದಳು. ಗೆಳತಿಯರು ಎಷ್ಟೋ ಮುಂದೆ ಹೋಗಿದ್ದರು. ಬ್ರೇಕ್ ಹಿಡಿದು ಇಳಿದೆ. ಅವಳ ಕಣ್ಣು ಕೆಂಪಾಗಿತ್ತು.

"ನಿನ್ನೆ ನಾನು ಹೇಳಿದ್ದು ನಿನಗೆ ಕೇಳಿಸ್ತಾ?"

"ಏನು ಹೇಳಿದ್ದೆ?" ಅಂದೆ.

ಅವಳು ನನ್ನ ಹಿಂದೆ ನೋಡಿದಳು. ಜೀಪು ಇನ್ನೂ ದೂರದಲ್ಲೇ ನಿಂತಿತ್ತು. "ನಿನ್ನನ್ನ ಯಾರು ಹತ್ತಿಸಿದ್ದು?"

"ಯಾರೂ ಇಲ್ಲ ಕಣೇ, ನಾನೇ!"

ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಇಷ್ಟೇ ಇಷ್ಟಾಯಿತು. "ಹಾಗಾದ್ರೆ ಇನ್ನು ನಾನು ಬೇಡ" ಅಂದಳು.

"ಅದೇನೋ ಒಂದು ಸಲ ಆಗಿಹೋಯ್ತು. ಬಾರೇ, ಹಿಡ್ಕೋ, ನೀನು ಹಿಡೀದಿದ್ರೆ ಬೀಳ್ತೀನಿ" ಅಂದೆ.

ತೋಳಿನಲ್ಲಿ ಮೂಗು ಒರೆಸಿಕೊಂಡು ಬಂದು ಹಿಂದಿನಿಂದ ಸೀಟು ಹಿಡಿದಳು. ನಾನು ಹತ್ತಿ ಕೂತು, ಅವಳ ಕೈಗೆ ಭಾರ ಗೊತ್ತಾಗಲಿ ಅಂತ ಸ್ವಲ್ಪ ಅವಳ ಕಡೆಗೇ ವಾಲಿದೆ.