ಬಾವಿಯ ಹಗ್ಗಕ್ಕೆ ಕಟ್ಟಿದ ಸೀರೆಯ ಚಿಂದಿ

ಬೇರೆಯವರು ಊರನ್ನು ಗುಡಿಯಿಂದಲೋ ಬಸ್ ನಿಲ್ದಾಣದಿಂದಲೋ ಗುರುತಿಟ್ಟುಕೊಳ್ಳುತ್ತಾರೆ. ನಾನು ಬಾವಿಯಿಂದ. ಅಸೂಟಿ ಎಂದರೆ ನನಗೆ ಪಾರಿವಾಳಗಳು ಗೂಡು ಕಟ್ಟಿದ ಬಾವಿ. ಮುಶಿಗೇರಿ ಎಂದರೆ ಬಗ್ಗಿ ನೋಡಿದಾಗ ನನ್ನ ಕನ್ನಡಕವನ್ನು ನುಂಗಿ ಸುಮ್ಮನಾದ ಬಾವಿ. ತಿಂಗಳ ಕೊನೆಯ ವಾರ ಸ್ಕೂಟಿ ಹತ್ತಿ ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳನ್ನು ಸುತ್ತುವುದು, ಗೊತ್ತು ಮಾಡಿದ ಬಾವಿಗಳಿಗೆ ಟೇಪು ಇಳಿಬಿಟ್ಟು ನೀರು ಎಷ್ಟು ಕೆಳಗಿದೆ ಎಂದು ಬರೆದುಕೊಳ್ಳುವುದು ನನ್ನ ನೌಕರಿ.

ಗಜೇಂದ್ರಗಡದ ಪೇಟೆಯಲ್ಲಿ ನಮ್ಮದು ಕಾಳಿನ ಅಂಗಡಿ. ನನ್ನ ಕೆಲಸದ ವಿಷಯ ಬಂದರೆ ಅಪ್ಪನಿಗೆ ಎಲ್ಲಿಲ್ಲದ ಉತ್ಸಾಹ. ಗಿರಾಕಿಗಳೆದುರು, "ನಾವು ಜ್ವಾಳಾ ತೂಗತೀವಿ, ನಮ್ಮ ಮಗಳು ಗಾಳಿ ಅಳೀತಾಳ" ಎನ್ನುತ್ತಿದ್ದರು. ಬಾವಿಯ ದಂಡೆಯಿಂದ ನೀರಿನ ತನಕ ಇರುವುದು ಗಾಳಿಯೇ ಆದ್ದರಿಂದ ನನಗೂ ಎದುರು ಮಾತಾಡಲು ಬರುತ್ತಿರಲಿಲ್ಲ. ಆದರೆ ಒಳಗೊಳಗೆ ನನಗೆ ಭಾರೀ ಜಂಬವಿತ್ತು. ನಾನು ಬರೆದ ಅಂಕಿ ಗದಗಿನ ಕಚೇರಿಗೆ ಹೋಗುತ್ತದೆ. ಯಾವ ಹಳ್ಳಕ್ಕೆ ಒಡ್ಡು ಕಟ್ಟಿ ನೀರು ಇಂಗಿಸಬೇಕು, ಯಾವ ಕೆರೆಯ ಹೂಳು ತೆಗೆಸಬೇಕು, ಎಲ್ಲಿ ಹೊಸ ಬೋರು ಕೊರೆಯಲು ಬಿಡಬಾರದು ಎಂಬುದನ್ನೆಲ್ಲ ಅಲ್ಲಿ ಆ ಅಂಕಿಗಳನ್ನು ಮುಂದಿಟ್ಟುಕೊಂಡೇ ನಿರ್ಧರಿಸುತ್ತಾರೆ. ನನ್ನ ಅಂಕಿ ತಪ್ಪುವುದಿಲ್ಲ ಎಂದು ನಾನು ನಂಬಿದ್ದೆ. ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡಿದ್ದೆ.

ಸವಡಿಯ ಆಚೆ ಒಂದು ಹಳ್ಳಿಯಲ್ಲಿ, ದೊಡ್ಡ ಒಕ್ಕಲುಮನೆಯೊಂದರ ಹಿತ್ತಲಲ್ಲಿ, ನಾನು ಅಳೆಯುವ ಬಾವಿಯೊಂದು ಇತ್ತು. ಕೈ ಚಾಚಿದರೆ ಆಚೆಯ ದಂಡೆ ಸಿಗುವಷ್ಟು ಕಿರಿದು. ಕುಡಿಯಲು ನಳದ ನೀರು ಬರುತ್ತಿದ್ದರೂ ದನಕರುಗಳಿಗೆ, ಪಾತ್ರೆ ಬಟ್ಟೆಗೆ ಆ ಬಾವಿಯೇ. ಮನೆಯ ಯಜಮಾನಿಗೆ ಅರವತ್ತು ದಾಟಿತ್ತು. ಊರಿನವರಂತೆ ನಾನೂ ಅವರನ್ನು ಅವ್ವಾರು ಎನ್ನುತ್ತಿದ್ದೆ. ಇಬ್ಬರು ಸೊಸೆಯಂದಿರು, ಮೊಮ್ಮಕ್ಕಳು, ನಾಲ್ಕು ಎಮ್ಮೆ, ಎಲ್ಲರೂ ಅವರ ಒಂದು ಕೆಮ್ಮಿಗೆ ತಿರುಗಿ ನೋಡುತ್ತಿದ್ದರು. ಬರುವ ಮುನ್ನಾದಿನ ನಾನು ಫೋನು ಮಾಡಲೇಬೇಕು ಎಂಬುದು ಅವರ ಕಟ್ಟಪ್ಪಣೆ. ಬಿಸಿ ರೊಟ್ಟಿ ಆಗಬೇಕಲ್ಲ, ಅದಕ್ಕೆ.

"ಬರ್ರಿ ಬಾಯಾರ, ಕುಂದರ್ರಿ. ಬಾವಿ ಎಲ್ಲಿ ಓಡಿ ಹೋಗ್ತೈತಿ? ಮೊದಲ ಎರಡ ರೊಟ್ಟಿ ತಿನ್ರಿ" ಎನ್ನುವರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎರಡು ಎಂದದ್ದು ನಾಲ್ಕಾಗುತ್ತಿತ್ತು. ನಾನು ಕೈ ತೊಳೆಯುವಾಗ ಪ್ರತಿ ತಿಂಗಳೂ ಒಂದೇ ಪ್ರಶ್ನೆ: "ನಮ್ಮ ಹಳ್ಳಕ್ಕ ಒಡ್ಡ ಯಾವಾಗ ಹಾಕ್ತೀರಿ?" ಊರಿನ ಮೇಲುಗಡೆ ಒಂದು ಹಳ್ಳ. ಮಳೆಗಾಲದಲ್ಲಿ ಎರಡು ದಿನ ಕುಣಿದು ಹೋಗುವ ಅದರ ನೀರನ್ನು ತಡೆದು ನಿಲ್ಲಿಸಿದರೆ ಊರಿನ ಬಾವಿಗಳು ಬದುಕುತ್ತವೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಅಳತಿ ನೋಡಿ ಹಾಕ್ತಾರ್ರಿ ಅವ್ವಾರ" ಎಂದು ನಾನು ದೊಡ್ಡಸ್ತಿಕೆಯಿಂದ ಹೇಳುತ್ತಿದ್ದೆ.

ಆ ವರ್ಷ ಮಳೆ ಕೈಕೊಟ್ಟಿತ್ತು. ದೀಪಾವಳಿ ಮುಗಿದ ತಿಂಗಳು ಬಾವಿಗೆ ಬಗ್ಗಿದವಳು ನೀರು ಅಷ್ಟು ಕೆಳಗೆ ಹೋದದ್ದನ್ನು ಕಂಡು ಲೊಚಗುಟ್ಟಿ, "ಪಾಪ, ಇಷ್ಟ ಉಳದೈತಿ" ಎಂದುಬಿಟ್ಟೆ. ಅಂಕಿ ಬರೆದುಕೊಂಡು, ರೊಟ್ಟಿ ತಿಂದು, ಸ್ಕೂಟಿ ಹತ್ತಿ ಬಂದೆ. ಆಡಿದ ಮಾತು ಮನೆ ಮುಟ್ಟುವುದರೊಳಗೆ ಮರೆತೂ ಹೋಯಿತು.

ಮುಂದಿನ ತಿಂಗಳು ಸುತ್ತಲಿನ ಬಾವಿಗಳೆಲ್ಲ ಇಳಿದವು. ಅವ್ವಾರ ಬಾವಿ ಇಳಿಯಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಚಳಿ ಹೋಗಿ ಬಿಸಿಲು ಬಂತು, ಅಸೂಟಿಯ ಪಾರಿವಾಳಗಳು ನೀರು ಹುಡುಕಿಕೊಂಡು ಬೇರೆಡೆ ಹೋದವು, ಅವ್ವಾರ ಬಾವಿ ಮಾತ್ರ ಕುಂತಲ್ಲಿ ಕುಂತಿತ್ತು. ನೆಲದೊಳಗೆ ಒಳ್ಳೆಯ ಸೆಲೆ ಇರಬೇಕು ಎಂದು ನಾನೇ ಒಂದು ಕಥೆ ಕಟ್ಟಿ ಕಚೇರಿಯಲ್ಲಿ ಹೇಳಿದೆ. ದಂಡೆಯ ಕಲ್ಲು ಪ್ರತಿಸಲ ಒದ್ದೆಯಾಗಿರುತ್ತಿತ್ತು. ನೀರು ಸೇದಿರಬೇಕು ಎಂದುಕೊಂಡಿದ್ದೆ. ಇಷ್ಟು ದಡ್ಡಿಯಾಗಲು ಬಹಳ ಜಂಬ ಬೇಕಾಗುತ್ತದೆ.

ಏಪ್ರಿಲ್ ಮುಗಿದ ಮೇಲೆ ಗದಗಿನಲ್ಲಿ ಮೀಟಿಂಗು. ಒಡ್ಡು ಕಟ್ಟುವ ಊರುಗಳ ಕರಡು ಪಟ್ಟಿಯಲ್ಲಿ ಅವ್ವಾರ ಊರು ಇರಲಿಲ್ಲ. ನಮ್ಮ ಕಚೇರಿಯ ಸಾಹೇಬರು ನನ್ನ ಅಂಕಿಗಳನ್ನೇ ತೋರಿಸಿ, "ಇಲ್ಲಿ ನೀರು ಇಳಿದೇ ಇಲ್ಲವಲ್ಲ" ಎಂದರು. ತಿಂಗಳ ಕೊನೆಗೆ ಪಟ್ಟಿ ಅಖೈರು. ಆ ಮನೆಯ ರೊಟ್ಟಿ ತಿಂದವಳು ನಾನು, ಒಡ್ಡು ಇಲ್ಲ ಎಂದು ಅವ್ವಾರಿಗೆ ಹೇಳಬೇಕಾದವಳೂ ನಾನೇ.

ಮೇ ತಿಂಗಳ ಅಳತೆಗೆ ನಾಳೆ ಬರುತ್ತೇನೆಂದು ಫೋನು ಮಾಡಿದ್ದೆ. ಅಷ್ಟರಲ್ಲಿ ನರಗುಂದದ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ನಾಳೆಯೇ ಎಂದು ಮನೆಯಲ್ಲಿ ನೆನಪಿಸಿದರು. ಹಾಗಾದರೆ ಇವತ್ತೇ ಮುಗಿಸೋಣ ಎಂದು, ಮತ್ತೆ ಫೋನು ಮಾಡದೆ, ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಹೋಗಿಬಿಟ್ಟೆ.

ಹಿತ್ತಲಲ್ಲಿ ಹೆಂಗಸರ ಸಾಲು. ಎಲ್ಲರ ಸೊಂಟದ ಮೇಲೂ ತುಂಬಿದ ಕೊಡ. ಬಾವಿಯಿಂದ ನೀರು ಒಯ್ಯುವವರನ್ನು ಹುಟ್ಟಿದಾಗಿನಿಂದ ಕಂಡಿದ್ದೇನೆ, ಬಾವಿಗೆ ನೀರು ಸುರಿಯುವವರನ್ನು ಕಂಡದ್ದು ಅವತ್ತೇ. ಅವ್ವಾರು ದಂಡೆಯ ಮೇಲೆ ಕೂತು, ತುದಿಗೆ ಕಲ್ಲು ಕಟ್ಟಿದ ಹಗ್ಗವನ್ನು ಒಳಗೆ ಬಿಟ್ಟು ನೋಡುತ್ತ, "ಇನ್ನ ಎಂಟ ಕೊಡ ಬೇಕ ನೋಡ್ರೇ, ಲಗೂ ತರ್ರಿ" ಎನ್ನುತ್ತಿದ್ದರು. ನನ್ನನ್ನು ಕಂಡದ್ದೇ ಅವರ ಮುಖ ಬಿಳಿಚಿತು.

"ನಾಳಿ ಬರ್ತೀನಂದಿದ್ರಲ್ರಿ?" ಎಂದರು, ತಪ್ಪು ನನ್ನದೇ ಎಂಬಂತೆ.

"ಇದೇನ್ರಿ ಅವ್ವಾರ? ಯಾವಾಗಿಂದ ನಡದೈತಿ ಇದು?"

"ನೀವ ಪಾಪ ಅಂದಾಗಿಂದ."

ನನಗೆ ಅರ್ಥವಾಗಲಿಲ್ಲ. ಹಿರಿಯ ಸೊಸೆ ಬಿಡಿಸಿ ಹೇಳಿದಳು. ಮನೆಗೆ ಬಂದ ಹೆಣ್ಣುಮಗಳು ತಮ್ಮ ಬಾವಿ ನೋಡಿ ಪಾಪ ಎಂದಳಲ್ಲ ಎಂದು ಅತ್ತೆಗೆ ಅವತ್ತು ರಾತ್ರಿ ಊಟ ಸೇರಲಿಲ್ಲವಂತೆ. ಮರುದಿನ ನೀರು ಇದ್ದ ಮಟ್ಟಕ್ಕೆ ಹಗ್ಗಕ್ಕೊಂದು ಗಂಟು ಹಾಕಿ, ನಾನು ಬಂದಾಗ ಇದಕ್ಕಿಂತ ಕೆಳಗೆ ನೀರು ಕಾಣಕೂಡದು ಎಂದು ಗೊತ್ತು ಮಾಡಿದರಂತೆ. ಮೊದಲ ತಿಂಗಳು ಹತ್ತು ಕೊಡಕ್ಕೆ ಕೆಲಸವಾಗಿತ್ತು, ಈಗ ಎಪ್ಪತ್ತು ದಾಟಿದೆ. ಅದೂ ನಾಲ್ಕೈದು ದಿನಕ್ಕೊಮ್ಮೆ ಬರುವ ನಳದ ನೀರು. ಓಣಿಯವರೆಲ್ಲ ತಮ್ಮ ತಮ್ಮ ಮನೆಯಿಂದ ತಂದು ಸುರಿದಿದ್ದರು. "ಬಂದವರ ಮುಂದ ಖಾಲಿ ತಾಟ ಇಡೂದು ಹ್ಯಾಂಗ್ರಿ?" ಎಂದರು ಅವ್ವಾರು.

ನನಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. "ಅವ್ವಾರ, ನೀವು ನೀರ ಸುರದಿದ್ದಕ್ಕ ನಿಮ್ಮ ಊರು ಪಟ್ಟಿಯಿಂದ ಬಿಟ್ಟು ಹೋಗೇತ್ರಿ. ಬಾವಿ ತುಂಬಿದ ಊರಿಗೆ ಒಡ್ಡು ಯಾಕ ಕಟ್ಟತಾರ?" ಎಂದೆ. ಸಾಲಿನ ಕೊನೆಯಲ್ಲಿದ್ದ ಹೆಂಗಸೊಬ್ಬಳು ಮೆಲ್ಲಗೆ ತಿರುಗಿ, ತನ್ನ ಕೊಡದೊಂದಿಗೆ ತನ್ನ ಮನೆಯ ಹಾದಿ ಹಿಡಿದಳು. ಅವ್ವಾರು ಹಗ್ಗವನ್ನು ಸುತ್ತಿಕೊಂಡು ಒಳಗೆ ಹೋದರು. ಆ ಮನೆಯಿಂದ ನಾನು ಊಟವಿಲ್ಲದೆ ಬಂದದ್ದು ಅದೊಂದೇ ಸಲ.

ದಾರಿಯಲ್ಲೇ ಸ್ಕೂಟಿ ನಿಲ್ಲಿಸಿ ಸಾಹೇಬರಿಗೆ ಫೋನು ಮಾಡಿದೆ. ನನ್ನ ಅಂಕಿಗಳು ಸುಳ್ಳು ಎಂದು ನನ್ನ ಬಾಯಿಂದಲೇ ಹೇಳಿದೆ. ಅವರು ಬೈಯಲಿಲ್ಲ. ನಾಲ್ಕು ದಿನ ಬಿಟ್ಟು ತಾವೇ ಬಂದು ನೋಡುತ್ತೇನೆ ಎಂದರು. ಅಷ್ಟರೊಳಗೆ ಸುರಿದ ನೀರನ್ನು ಸೇದಿ ತೆಗೆಯಿರಿ ಎಂದು ಅವ್ವಾರ ಮನೆಗೆ ಹೇಳಿ ಕಳಿಸಿದೆ. ಅವರ ಎಮ್ಮೆಗಳು ಆ ವಾರ ಬಾವಿಯಿಂದ ಸೇದಿದ ನಳದ ನೀರು ಕುಡಿದು ಮೈ ತೊಳೆಸಿಕೊಂಡವು.

ಹೇಳಿದ ದಿನವೇ ಸಾಹೇಬರು ಬಂದರು. ಮಾತು ಕಡಿಮೆಯ ಮನುಷ್ಯ, ಟೇಪು ಹೇಳಿದ್ದನ್ನಷ್ಟೇ ನಂಬುವವರು. ಅವ್ವಾರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ದಂಡೆಯ ಹತ್ತಿರ ನಿಂತರು. "ಇವತ್ತ ಏನೂ ಸುರದಿಲ್ರಿ ಸಾಹೇಬ್ರ. ಖಾಲಿ ಐತಿ. ನೋಡ್ರಿ" ಎಂದರು. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತು ಎಂಬುದು ಸೆರಗು ಹಿಡಿದ ಬೆರಳುಗಳಲ್ಲಿ ಕಾಣುತ್ತಿತ್ತು. ಬುಡದಲ್ಲಿ ತಟ್ಟೆಯಷ್ಟು ನೀರು ಹೊಳೆಯುತ್ತಿತ್ತು.

ಸಾಹೇಬರು ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟರು. "ಇವತ್ತಿಂದು ಕಾಣಸ್ತದ್ರಿ. ಆದ್ರ ಒಂದ ದಿನದ ಅಳತಿಗೆ ಒಡ್ಡು ಕೊಡಾಕ ಬರೂದಿಲ್ಲ. ತಿಂಗಳಾ ತಿಂಗಳಾ ಹ್ಯಾಂಗ ಇಳೀತು ಅನ್ನೋದು ಬೇಕು. ಅದು ಹೋತಲ್ಲ."

"ಹೋಗಿಲ್ರಿ" ಎಂದರು ಅವ್ವಾರು. ಒಳಗೆ ಹೋಗಿ ಆ ಹಗ್ಗವನ್ನು ತಂದರು. "ಇದನ್ನ ಯಾರಿಗೂ ತೋರಸಬಾರದು ಅಂತ ಮಾಡಿದ್ದೆ."

ಹಗ್ಗದಲ್ಲಿ ಒಂದು ದಪ್ಪ ಗಂಟು, ಅದರಾಚೆ ಬಣ್ಣ ಬಣ್ಣದ ಆರು ಚಿಂದಿ. ಎಷ್ಟು ಕೊಡ ಬೇಕಾದೀತು ಎಂದು ತಿಳಿಯಲು ಅವರು ನೀರು ಸುರಿಯುವ ಮೊದಲು ಪ್ರತಿ ತಿಂಗಳೂ ಹಗ್ಗ ಇಳಿಬಿಡುತ್ತಿದ್ದರು. ಕಲ್ಲು ನೀರಿಗೆ ತಾಕಿದಾಗ ಹಗ್ಗದಲ್ಲಿ ದಂಡೆಯ ಮಟ್ಟಕ್ಕೆ ಬಂದ ಜಾಗಕ್ಕೆ ಸೀರೆಯ ಚೂರೊಂದನ್ನು ಕಟ್ಟುತ್ತಿದ್ದರು. "ಇದು ಎಳ್ಳಮಾಸಿ ತಿಂಗಳದ್ದು, ನನ್ನ ಹಳಿ ಇಳಕಲ್ ಸೀರಿ. ಇದು ಸಂಕ್ರಾಂತಿದು, ಸಣ್ಣ ಸೊಸಿದು. ಇದು ಶಿವರಾತ್ರಿದು..." ನಾನು ಕಥೆ ಕಟ್ಟುತ್ತಿದ್ದ ಆರು ತಿಂಗಳೂ ಬಾವಿಯ ನಿಜವಾದ ಅಳತೆಯನ್ನು ಮಾಡುತ್ತಿದ್ದವರು ಅವ್ವಾರು.

ಸಾಹೇಬರು ತಟ್ಟನೆ ಒಪ್ಪಲಿಲ್ಲ. ಮೊದಲು ನನ್ನ ಟೇಪು ಬಿಡಿಸಿದರು, ಆಮೇಲೆ ಅವ್ವಾರ ಹಗ್ಗ ಬಿಡಿಸಿದರು. ಎರಡಕ್ಕೂ ಒಂದು ಬೆರಳಿನಷ್ಟು ವ್ಯತ್ಯಾಸ. ದೀಪಾವಳಿಯ ಗಂಟನ್ನು ಅಳೆದು ನನ್ನ ಆ ತಿಂಗಳ ಅಂಕಿಗೆ ಹೋಲಿಸಿದರು. ಅದೂ ಕೂಡಿ ಬಂತು. ಆಗ ಪಡಸಾಲೆಯ ಉದ್ದಕ್ಕೆ ಹಗ್ಗ ಹಾಸಿ, ಸಾಹೇಬರು ಮೊಣಕಾಲೂರಿ ಚಿಂದಿಯಿಂದ ಚಿಂದಿಗೆ ಅಳೆದರು, ನಾನು ಬರೆದುಕೊಂಡೆ. ನನ್ನ ತಪ್ಪು ಅಂಕಿಗಳ ಮೇಲೆ ಕೆಂಪು ಶಾಯಿಯ ಗೀಟು ಬಿತ್ತು. ಪಕ್ಕದ ಷರಾ ಕಾಲಮ್ಮಿನಲ್ಲಿ ಸಾಹೇಬರು, 'ಮನೆಯ ಯಜಮಾನಿಯವರ ಅಳತೆಯಂತೆ ತಿದ್ದಿದೆ' ಎಂದು ಬರೆದು ಸಹಿ ಮಾಡಿದರು. ಕೆಂಪು ಗೀಟು ನೋಡಿ ನನ್ನ ಜಂಬಕ್ಕೆ ಚುರುಕ್ಕೆಂದದ್ದು ನಿಜ. ಆದರೆ ಅವತ್ತು ನಾನು ಐದು ರೊಟ್ಟಿ ತಿಂದೆ. ಸಾಹೇಬರು ಆರು.

ಪಟ್ಟಿಯಲ್ಲಿ ಊರು ಸೇರಿತು. ಮರುವರ್ಷದ ಬೇಸಿಗೆಯಲ್ಲಿ ಹಳ್ಳಕ್ಕೆ ಒಡ್ಡು ಎದ್ದಿತು. ಅಲ್ಲಿಯವರೆಗೂ ಅವ್ವಾರು ತಿಂಗಳು ತಪ್ಪದೆ ಚಿಂದಿ ಕಟ್ಟಿದರು. ನಾನು ಟೇಪು ಹಿಡಿದರೆ ಅವರು ಹಗ್ಗ ಹಿಡಿಯುವರು, ನನ್ನ ಅಂಕಿ ಅವರ ಚಿಂದಿಗೆ ಕೂಡಿ ಬಂದರೆ ಮಾತ್ರ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅಪ್ಪನಿಗೆ ಇದನ್ನು ಹೇಳಿದಾಗ, "ಆ ಅವ್ವಾರನ್ನ ನಮ್ಮ ಅಂಗಡಿಗೆ ಕರಕೊಂಡ ಬಾ, ತಕ್ಕಡಿ ಕೊಡತೀನಿ" ಎಂದರು.

ಆ ವರ್ಷ ಮಳೆ ಚಲೋ ಆಯಿತು. ಒಡ್ಡಿನ ಹಿಂದೆ ಹಳ್ಳದ ನೀರು ತಿಂಗಳುಗಟ್ಟಲೆ ನಿಂತಿತು. ದೀಪಾವಳಿ ಮುಗಿಸಿ ಹೋದಾಗ ಬಾವಿಗೆ ಬಗ್ಗಿದೆ. ನೀರು ಎಷ್ಟು ಮೇಲೆ ಬಂದಿತ್ತೆಂದರೆ ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಒಮ್ಮೆ ಮೋಸಹೋದವಳಲ್ಲವೆ, ನನಗರಿವಿಲ್ಲದೆ ಕೈ ದಂಡೆಯ ಕಲ್ಲನ್ನು ಸವರಿತು. ಕಲ್ಲು ಒಣಗಿತ್ತು.

ತಲೆಯೆತ್ತಿದರೆ ಅವ್ವಾರು ನನ್ನ ಕೈಯನ್ನೇ ನೋಡುತ್ತಿದ್ದರು. "ಮುಟ್ಟಿ ನೋಡ್ರಿ, ಆ ಕಡೀದೂ ಮುಟ್ಟಿ ನೋಡ್ರಿ" ಎಂದರು. ನನಗೆ ನಾಚಿಕೆಯಾಯಿತು. ಸುಮ್ಮನೆ ಟೇಪು ಇಳಿಬಿಟ್ಟೆ. ಅವರು ಹಗ್ಗ ಇಳಿಬಿಟ್ಟರು. ಕಲ್ಲು ನೀರಿಗೆ ತಾಕಿದಾಗ ಆ ದಪ್ಪ ಗಂಟು ಇನ್ನೂ ಅವರ ಕೈಯಲ್ಲೇ, ದಂಡೆಯ ಹೊರಗೇ ಇತ್ತು. ಮೊದಲ ಸಲ ಗಂಟಿನ ಈಚೆಗೆ ಒಂದು ಚಿಂದಿ ಕಟ್ಟಿದರು. ಹೊಸ ಸೀರೆಯ ಸೆರಗಿನಿಂದ ಕತ್ತರಿಸಿದ ಕೆಂಪು ರೇಷ್ಮೆಯ ಚೂರು.

"ಈಗ ಏನಂತೀರಿ ಬಾಯಾರ?" ಎಂದು ಕೇಳಿದರು. ಎರಡು ವರ್ಷದಿಂದ ಅವರು ಕಾಯುತ್ತಿದ್ದುದು ಒಡ್ಡಿಗೆ ಮಾತ್ರವಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಚಲೋ ಐತ್ರಿ ಅವ್ವಾರ. ಭಾಳ ಚಲೋ ಐತಿ."

ಅವ್ವಾರು ಅಡುಗೆಮನೆಯ ಕಡೆಗೆ ತಿರುಗಿ, ಸೊಸೆಯಂದಿರಿಗೂ ಆಚೆ ಓಣಿಗೂ ಕೇಳುವಂತೆ ದನಿಯೇರಿಸಿ ಹೇಳಿದರು: "ಕೇಳಿದ್ರಿಲ್ಲ? ಚಲೋ ಐತಂತ."