ಏಳರ ಬಸ್ಸಿಗೆ ಸಿಗುವ ಕಾಲೇಜು

ಗಂಗಾವತಿಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಬೋರ್ಡಿನ ಮೇಲೆ ಮುಬಾಶಿರಾ ಎಂದು ನನ್ನ ಹೆಸರೇ ಇದೆ. ಗಂಡನ ಹೆಸರು ಹಾಕಿಸಬಾರದಿತ್ತೇ ಎಂದವರಿಗೆ, ಕಂಪ್ಯೂಟರ್ ಮುಂದೆ ಕೂತು ಸೊಂಟ ನೋಯಿಸಿಕೊಳ್ಳುವವಳು ನಾನು ಎಂದು ಹೇಳಿ ಕಳಿಸಿದ್ದೇನೆ. ಪಹಣಿ, ಪಿಂಚಣಿ ಅರ್ಜಿ, ಜಾತಿ ಪ್ರಮಾಣಪತ್ರ, ಎಲ್ಲವೂ ನನ್ನ ಕೈ ದಾಟಿಯೇ ಹೋಗಬೇಕು. ಸಿಇಟಿ ಫಲಿತಾಂಶ ಬಂದ ಮೇಲಂತೂ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಮಕ್ಕಳು ಪಟ್ಟಿ ಹಾಕಬೇಕು. ಮೇಲಿನದು ಸಿಕ್ಕರೆ ಕೆಳಗಿನದರ ಮಾತಿಲ್ಲ. ಆದರೆ ಓದಿದವರು ಮಕ್ಕಳಾದರೂ ಪಟ್ಟಿ ಹಾಕುವವರು ಬೇರೆಯವರೇ ಆಗಿರುತ್ತಾರೆ.

ಮಲ್ಲೇಶ್ವರಿ ಬಂದದ್ದು ದೊಡ್ಡಪ್ಪ ಹನುಮಂತಪ್ಪನವರ ಹಿಂದೆ. ಕನಕಗಿರಿ ಕಡೆಯ ಹಳ್ಳಿಯವರು, ಕುರಿ ಸಾಕುವ ಮನೆತನ. ಅವಳಪ್ಪ ಕುರಿ ಹಿಂದೆ ಊರೂರು ಅಲೆಯುವವನು, ಅಣ್ಣ ಹಾಕಿದ ಗೆರೆ ದಾಟದವನು. ಹನುಮಂತಪ್ಪನವರು ಜೇಬಿನಿಂದ ಚೀಟಿ ತೆಗೆದು ಕೊಟ್ಟರು. ಅದರಲ್ಲಿ ಐದು ಕಾಲೇಜು. ಕೊಪ್ಪಳದವು ಎರಡು, ಹೊಸಪೇಟೆಯವು ಎರಡು, ಗಂಗಾವತಿಯದು ಒಂದು. ಪ್ರತಿಯೊಂದರ ಮುಂದೆ ಒಂದೊಂದು ಹೊತ್ತು ಬರೆದಿತ್ತು. ಏನಿದು ಎಂದೆ. ಬಸ್ ಸ್ಟ್ಯಾಂಡಿಗೆ ಹೋಗಿ ಊರಿಗೆ ಬರುವ ಬಸ್ಸಿನ ಹೊತ್ತು ಕೇಳಿ ಬರೆದುಕೊಂಡು ಬಂದಿದ್ದರಂತೆ. ಸಂಜೆ ಏಳರೊಳಗೆ ಹುಡುಗಿ ಮನೆ ಸೇರಬೇಕು, ಸೇರುವಂಥ ಕಾಲೇಜು ಇವಿಷ್ಟೇ. ಕೋರ್ಸ್ ಯಾವುದು ಎಂದು ಕೇಳಿದ್ದಕ್ಕೆ, "ಅದನ್ನ ನೀವು ನೋಡ್ರಿ, ಬಸ್ಸಿಂದು ನಾ ನೋಡೀನಿ" ಎಂದರು.

ನಗು ಬಂತು. ನಕ್ಕೆ ಕೂಡ. ಆದರೆ ಅವರು ಹೇಳಿದ ಹಾಗೆಯೇ ಹಾಕಿದೆ. ಹಿಂದೆ ನಿಂತ ಹುಡುಗಿಯನ್ನು ಒಂದು ಮಾತು ಕೇಳಲಿಲ್ಲ. ಆ ತಪ್ಪು ನನ್ನದು, ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಪಟ್ಟಿ ತಿದ್ದಲು ಕಡೆಯ ದಿನ, ಮಧ್ಯಾಹ್ನ, ಹುಡುಗಿ ಒಬ್ಬಳೇ ಬಂದಳು. ಸಂಜೆ ಆರಕ್ಕೆ ಪಟ್ಟಿ ಮುಚ್ಚುತ್ತದೆ. ಬೀದರಿನ ಪಶುವೈದ್ಯ ಕಾಲೇಜು ಮೊದಲು ಹಾಕಿರಿ, ಆಮೇಲೆ ರಾಜ್ಯದಲ್ಲಿ ಅಂಥವು ಎಷ್ಟಿವೆಯೋ ಅಷ್ಟನ್ನೂ ಹಾಕಿರಿ ಎಂದಳು. ಅವುಗಳಲ್ಲಿ ಒಂದರಿಂದಲೂ ಏಳಕ್ಕೆ ಮನೆ ಸೇರುವಂತಿಲ್ಲ. ಹಾಸ್ಟೆಲೇ ಗತಿ.

ಯಾಕಮ್ಮಾ ದನದ ಡಾಕ್ಟರಿಕೆ ಎಂದೆ. ಎರಡು ವರ್ಷದ ಹಿಂದೆ ಅವರ ಹಟ್ಟಿಯಲ್ಲಿ ಒಂದೇ ವಾರದಲ್ಲಿ ಹನ್ನೊಂದು ಮರಿ ಸತ್ತವಂತೆ. ಡಾಕ್ಟರಿಗೆ ಏಳೆಂಟು ಹಳ್ಳಿ. ಅವರು ಬರುವ ಹೊತ್ತಿಗೆ ಇವಳು ಯಾವ ಮರಿ ಯಾವಾಗ ಮೇವು ಬಿಟ್ಟಿತು, ಯಾವುದಕ್ಕೆ ಮೂಗು ಸೋರಿತು ಎಂದೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಅದನ್ನು ಓದಿಯೇ ಅವರು ರೋಗ ಹಿಡಿದರು, ಉಳಿದ ಮರಿಗಳು ಬದುಕಿದವು. ನಾನೇ ಡಾಕ್ಟರಾಗಿದ್ದರೆ ಹನ್ನೊಂದೂ ಉಳಿಯುತ್ತಿದ್ದವು ಎಂದಳು. ಜಂಬದ ಮಾತಲ್ಲ, ಲೆಕ್ಕ ಹೇಳಿದ ಹಾಗೆ ಹೇಳಿದಳು.

ಅಡ್ಡಿ ಒಂದೇ. ಪಟ್ಟಿ ತೆರೆಯಬೇಕಾದರೆ ಅರ್ಜಿಯಲ್ಲಿ ಕೊಟ್ಟ ಮೊಬೈಲಿಗೆ ಒಟಿಪಿ ಬರಬೇಕು. ಕೊಟ್ಟದ್ದು ದೊಡ್ಡಪ್ಪನ ನಂಬರು. ನಮ್ಮ ಕಡೆ ಮನೆ ತುಂಬಾ ಫೋನಿದ್ದರೂ ರೇಷನ್ ಕಾರ್ಡಿಗೆ, ಗ್ಯಾಸಿಗೆ, ಮಕ್ಕಳ ಅರ್ಜಿಗೆ ಹಿರಿಯರದೊಂದೇ ನಂಬರು. ಗೌರವ ಎಂದು ಕೊಡುತ್ತಾರೆ, ಆಮೇಲೆ ಮನೆ ಮಂದಿಯ ಜುಟ್ಟೆಲ್ಲ ಆ ಒಂದು ಫೋನಿನೊಳಗೆ ಕೂತಿರುತ್ತದೆ.

ರೇಷನ್ ಕಾರ್ಡಿಗೆ ಬೇಕು ಎಂದು ದೊಡ್ಡಪ್ಪನಿಗೆ ಹೇಳಿ ಒಟಿಪಿ ತರಿಸೋಣ ಎಂದೆ. ದಿನಕ್ಕೆ ಹತ್ತು ಜನ ನನ್ನ ಮುಂದೆ ಹೀಗೆ ಮಾಡುತ್ತಾರೆ. ಹುಡುಗಿ ತಲೆ ಅಲ್ಲಾಡಿಸಿದಳು.

"ಇವತ್ತು ಸುಳ್ಳು ಹೇಳಿ ತಗೊಂಡ್ರ ಬೀದರಿಗೂ ಸುಳ್ಳು ಹೇಳೇ ಹೋಗಬೇಕಾಗತೈತಿ, ಅಕ್ಕಾರ. ನಾ ಹೇಳೇ ಹೋಗಾಕಿ."

ನನ್ನ ಫೋನಿನಿಂದಲೇ ದೊಡ್ಡಪ್ಪನಿಗೆ ಹಚ್ಚಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಕಟ್ ಮಾಡಿದರು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಅವತ್ತು ಕನಕಗಿರಿ ಸಂತೆ, ಕುರಿ ಮಾರಲು ಅಲ್ಲಿಗೆ ಹೋಗಿದ್ದಾರೆ ಎಂದಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಅರ್ಧ ಸಿಟ್ಟು ಅವರ ಮೇಲೆ, ಅರ್ಧ ನನ್ನ ಮೇಲೆ. ಶಟರ್ ಎಳೆದೆ, ಹುಡುಗಿಯನ್ನು ಸ್ಕೂಟಿ ಹತ್ತಿಸಿಕೊಂಡು ಹೊರಟೆ.

ಸಂತೆಯಲ್ಲಿ ಹನುಮಂತಪ್ಪನವರು ವ್ಯಾಪಾರದ ನಡುವೆ ಇದ್ದರು. ಕುರಿ ಕೊಳ್ಳುವವನ ಕೈ, ಇವರ ಕೈ, ಮೇಲೊಂದು ಟವೆಲ್ಲು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕೇಳುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗಬಾರದು. ಕೈ ಬಿಡುವವರೆಗೆ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಅಂಥ ಹೊತ್ತಿನಲ್ಲಿ ಮಲ್ಲೇಶ್ವರಿ ನೆಟ್ಟಗೆ ಹೋಗಿ ಎದುರಿಗೆ ನಿಂತು ಒಟಿಪಿ ಬೇಕು ಎಂದಳು.

ಆಮೇಲೆ ಬಾ, ಮನೆಯಲ್ಲಿ ಮಾತಾಡೋಣ ಎಂದು ಅವರು ಹಲ್ಲು ಕಚ್ಚಿ ಹೇಳಿದರು.

"ನಂದು ಟವೆಲ್ ಕೆಳಗಿನ ವ್ಯಾಪಾರ ಅಲ್ಲರಿ ದೊಡ್ಡಪ್ಪ. ಎಲ್ಲಾರ ಮುಂದ ಕೇಳಾಕತ್ತೀನಿ."

ಕೊಳ್ಳುವವನು ಮೆಲ್ಲಗೆ ಕೈ ಹಿಂದಕ್ಕೆಳೆದುಕೊಂಡ. ಸುತ್ತ ಇದ್ದವರೆಲ್ಲ ಕುರಿ ಬಿಟ್ಟು ಇವರನ್ನು ನೋಡತೊಡಗಿದರು. ಹನುಮಂತಪ್ಪನವರ ಮುಖ ಕೆಂಪಾಯಿತು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರಿಗಿದ್ದದ್ದು ಹೆದರಿಕೆ.

"ನಮ್ಮ ಮನಿ ಹೆಣ್ಣುಮಕ್ಕಳು ಒಂದು ರಾತ್ರಿ ಹೊರಗ ಉಳದಿಲ್ಲ. ನಾಳೆ ಏನರ ಆದ್ರ ಊರು ನನ್ನ ಕೇಳತೈತಿ, ನಿನ್ನಲ್ಲ."

"ಕೇಳಿದ್ರ ನನ್ನ ಹೆಸರು ಹೇಳ್ರಿ. ಓದಾಕಿ ನಾನು, ಹೋಗಾಕಿ ನಾನು. ಉತ್ತರಾನೂ ನಾನ ಕೊಡ್ತೀನಿ. ನೀವು ಒಟಿಪಿ ಕೊಡದಿದ್ರ ಆ ಐದು ಕಾಲೇಜಿಗಂತೂ ನಾ ಹೋಗಂಗಿಲ್ಲ."

ಅವರು ಫೋನ್ ತೆಗೆದು ಅವಳ ಕೈಗೆ ಕೊಡದೆ ಪಕ್ಕದ ಮೇವಿನ ಚೀಲದ ಮೇಲೆ ಒಗೆದು, ಬೆನ್ನು ತಿರುಗಿಸಿ ನಿಂತರು.

ಒಟಿಪಿ ಬಂತು. ಸಂತೆಯ ಬೇವಿನ ಗಿಡದ ಕೆಳಗೆ ನಿಂತು ನನ್ನ ಮೊಬೈಲಿನಲ್ಲೇ ಪಟ್ಟಿ ತೆರೆದೆ. ಆರಕ್ಕೆ ಇನ್ನು ನಲವತ್ತು ನಿಮಿಷ ಇತ್ತು. ಬೀದರು ಮೊದಲು ಹಾಕಿದೆ, ಅದರ ಕೆಳಗೆ ಉಳಿದವು. ದೊಡ್ಡಪ್ಪನ ಐದನ್ನೂ ಕಡೆಯಲ್ಲಿ ಇಟ್ಟಿರೋಣ, ಮೇಲಿನದು ಯಾವುದೂ ಸಿಗದಿದ್ದರೆ ಆಸರೆಯಾಗುತ್ತದೆ ಎಂದೆ. ಕಸುಬಿನ ಬುದ್ಧಿ ಅದು, ಎಲ್ಲರಿಗೂ ಹಾಗೇ ಹೇಳುತ್ತೇನೆ. ಅವಳು ಒಪ್ಪಲಿಲ್ಲ. ಆ ಐದು ಅಲ್ಲಿದ್ದರೆ ಮನೆಮಂದಿಯೆಲ್ಲ ಮೇಲಿನದು ತಪ್ಪಲಿ ಎಂದು ಕಾಯುತ್ತ ಕೂರುತ್ತಾರೆ ಎಂದಳು. ನಾನು ಅಳಿಸಲು ಹಿಂದೆಮುಂದೆ ನೋಡಿದೆ. ಅವಳೇ ಮೊಬೈಲ್ ತೆಗೆದುಕೊಂಡು ಐದನ್ನೂ ಒಂದೊಂದಾಗಿ ಅಳಿಸಿದಳು.

ಮೊದಲ ಸುತ್ತಿನಲ್ಲಿ ಏನೂ ಸಿಗಲಿಲ್ಲ. ಆ ದಿನಗಳಲ್ಲಿ ನನಗೇ ಊಟ ಸೇರುತ್ತಿರಲಿಲ್ಲ. ಅವಳು ಮಾತ್ರ ಕುರಿ ಕಾಯಲು ಹೋಗಿ ಬರುತ್ತಿದ್ದಳಂತೆ. ಎರಡನೆಯ ಸುತ್ತಿನಲ್ಲಿ ಬೀದರ್ ಸಿಕ್ಕಿತು. ಅವಳ ತಾಯಿ ವಿರೂಪಾಕ್ಷಮ್ಮನವರೇ ಜೊತೆಗೆ ಹೋಗಿ ಹಾಸ್ಟೆಲಿಗೆ ಸೇರಿಸಿ ಬಂದರು. ಹನುಮಂತಪ್ಪನವರು ಬಸ್ ಸ್ಟ್ಯಾಂಡಿಗೂ ಬರಲಿಲ್ಲ.

ಮೊನ್ನೆ ರಜೆಗೆ ಬಂದವಳು ವಿದ್ಯಾರ್ಥಿವೇತನದ ಅರ್ಜಿ ಹಾಕಿಸಲು ನನ್ನ ಹತ್ತಿರ ಬಂದಿದ್ದಳು. ದೊಡ್ಡಪ್ಪ ಈಗಲಾದರೂ ಮಾತಾಡುತ್ತಾರೇನು ಎಂದು ಕೇಳಿದೆ.

"ಮಾತಾಡಂಗಿಲ್ಲರಿ ಅಕ್ಕಾರ. ವಾರಕ್ಕೊಮ್ಮೆ ನಾನ ಫೋನ್ ಹಚ್ಚಿ, ಆ ವಾರ ಕಲ್ತಿದ್ದೆಲ್ಲ ಹೇಳ್ತೀನಿ. ಹೂಂ ಅನ್ನಂಗಿಲ್ಲ, ಫೋನ್ ಇಡಂಗೂ ಇಲ್ಲ. ಕೇಳಬೇಕಲ್ಲರಿ, ಕುರಿ ಅವರವು."