ಗುಂಡಿ ಹುಡುಕಿಕೊಂಡು ಹೋಗುವ ಕಬ್ಬಿಣದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊರಾಚೆಯ ಜಲ್ಲಿ ರಸ್ತೆಯಲ್ಲಿ ಹಳೆಯ ವ್ಯಾನೊಂದು ಕುಲುಕುತ್ತ ಬರುತ್ತಿದೆ. ಉಳಿದವರು ತಪ್ಪಿಸಿ ಓಡಿಸುವ ಗುಂಡಿಗಳನ್ನು ಇದು ಹುಡುಕಿಕೊಂಡು ಹೋಗಿ ಇಳಿಯುತ್ತದೆ. ಹಿಂಬದಿಗೆ ಕಬ್ಬಿಣದ ಚೌಕಟ್ಟೊಂದನ್ನು ಸಿಕ್ಕಿಸಲಾಗಿದೆ. ಅದರ ಮೇಲೆ ಮರಳಿನ ಮೂಟೆಗಳು. ರಸ್ತೆ ಮುಗಿದಲ್ಲಿ ವ್ಯಾನು ನಿಲ್ಲಿಸಿದ ಹೆಂಗಸು ನೆಲಕ್ಕೆ ಗೋಣಿತಾಟು ಹಾಸಿ, ಅಂಗಾತ ಮಲಗಿ, ಚೌಕಟ್ಟಿನ ಅಡಿಗೆ ಸರಿಯುತ್ತಾರೆ. ಬೆಸುಗೆಯ ಧೂಳು ಒರೆಸಿ ಟಾರ್ಚ್ ಬಿಡುತ್ತಾರೆ.

"ಕೂದಲೆಳೆಯಷ್ಟು ಬಿರುಕು ಕಂಡ್ರೂ ಇದು ವಾಪಸ್ ಶೆಡ್ಡಿಗೆ," ಎನ್ನುತ್ತಾರೆ. ಇವತ್ತು ಏನೂ ಕಾಣುವುದಿಲ್ಲ. ಎದ್ದು ಸೀರೆ ಕೊಡವಿಕೊಂಡು ಇನ್ನೊಂದು ಸುತ್ತಿಗೆ ಹೊರಡುತ್ತಾರೆ.

ಇವರನ್ನು ಎಲ್ಲರೂ ಕರೆಯುವುದು ಕಬ್ಬಿಣದಕ್ಕ ಎಂದು. ಕಾರಿನ ಹಿಂದಿನ ಕೊಂಡಿಗೆ ಸಿಕ್ಕಿಸಿ ಬೈಕು ಸಾಗಿಸುವ ಕ್ಯಾರಿಯರ್‌ಗಳನ್ನು ಮಾಡುವುದು ಇವರ ಕಸುಬು. ಮಣ್ಣಿನ ಟ್ರ್ಯಾಕಿನಲ್ಲಿ ಬೈಕು ಓಡಿಸುವವರು, ಮನೆ ಬದಲಾಯಿಸುವವರು ಇವರ ಗಿರಾಕಿಗಳು. ಗೇಟು, ಕಿಟಕಿ ಮಾಡುತ್ತಿದ್ದ ಅಪ್ಪನಿಂದ ಬೆಸುಗೆ ಕಲಿತರು. ತಗಡಿನ ಶೆಡ್ಡಿನಲ್ಲಿ ಬೆಸುಗೆ ಇವರದು, ಬಣ್ಣ ಗಂಡನದು.

ಕ್ಯಾರಿಯರ್ ನೋಡಲು ಸರಳ: ಚಕ್ರಗಳು ಕೂರಲು ಒಂದು ಉದ್ದನೆಯ ಹಳಿ, ಅದನ್ನು ಕಾರಿಗೆ ಹಿಡಿಸುವ ಒಂದೇ ಒಂದು ಚೌಕದ ಕೊಳವೆ. ಬೈಕಿನ ಭಾರವೆಲ್ಲ ಆ ಎರಡೂ ಸೇರುವ ಜಾಗದ ಮೇಲೆ. "ಭಾರಕ್ಕೆ ಇದು ಮುರಿಯಲ್ಲ, ಕುಲುಕಾಟಕ್ಕೆ ಮುರಿಯತ್ತೆ. ಮತ್ತೆ ಕೊಳವೆ ಒಳಗೆ ನೀರು ಕೂತ್ರೆ ಮುಗೀತು. ಹೊರಗೆ ತಳುಕು, ಒಳಗೆ ಹುಳುಕು."

ಇದನ್ನು ಅವರು ಕಲಿತದ್ದು ಸುಲಭದಲ್ಲಿ ಅಲ್ಲ. ಕೆಲವು ವರ್ಷಗಳ ಹಿಂದೆ ತಮ್ಮನಿಗೆಂದು ಮಾಡಿಕೊಟ್ಟ ಕ್ಯಾರಿಯರ್ ಹೆದ್ದಾರಿಯ ಉಬ್ಬಿನಲ್ಲಿ ಬೆಸುಗೆ ಬಿಟ್ಟು ಕಳಚಿತು. ಬೈಕು ರಸ್ತೆಗೆ ಬಿತ್ತು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ದರ್ಜಿ ಹೆಂಗಸು ಅದಕ್ಕೆ ಡಿಕ್ಕಿ ಹೊಡೆದು ಬಲಗೈ ಮುರಿದುಕೊಂಡರು. ಉಬ್ಬು ವಿಪರೀತ ಎತ್ತರವಿತ್ತು ಎಂದು ತಮ್ಮ ವಾದಿಸಿದ. ಅಕ್ಕ ಒಪ್ಪಲಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗಾಗ್ತಿತ್ತು ನನ್ನ ಕಥೆ." ದರ್ಜಿಯ ಕೈ ಕೂಡಿಕೊಳ್ಳುವವರೆಗೆ ಅವರ ಮನೆಗೆ ಹೋಗಿ ಅಡುಗೆ ಮಾಡಿಟ್ಟು ಬರುತ್ತಿದ್ದರು. ಆ ಕೈಯಲ್ಲಿ ಕತ್ತರಿ ಮೊದಲಿನಷ್ಟು ಸಲೀಸಾಗಿ ಈಗಲೂ ಆಡುವುದಿಲ್ಲ.

ಅಲ್ಲಿಂದೀಚೆ, ಪ್ರತಿ ಕ್ಯಾರಿಯರನ್ನೂ ಮರಳು ಹೇರಿ ಕುಲುಕಿಸಿ ನೋಡುವ ಈ ಗುಂಡಿ ಸವಾರಿ ಶುರುವಾಯಿತು. ಮಳೆಗಾಲ ಮುಗಿದೊಡನೆ ಕ್ಯಾರಿಯರನ್ನು ತೋರಿಸಿಕೊಂಡು ಹೋಗಬೇಕೆಂಬುದು ಗಿರಾಕಿಗಳಿಗೆ ಇವರು ಹಾಕಿರುವ ಕಟ್ಟಳೆ. ಗೊಣಗುವವರಲ್ಲಿ ಗಂಡನೇ ಮೊದಲಿಗ. "ಊರವರ ಕಬ್ಬಿಣಕ್ಕೆಲ್ಲ ಇವಳೇ ಡಾಕ್ಟರು. ಮನೇಲಿ ಕುಕ್ಕರ್ ಹಿಡಿ ಅಲ್ಲಾಡ್ತಾ ಇದೆ, ಕೇಳೋರಿಲ್ಲ."

ಹೋದ ತಿಂಗಳು ಒಬ್ಬ ವ್ಯಾಯಾಮ ಮೇಷ್ಟ್ರು ಕ್ಯಾರಿಯರ್ ತೋರಿಸಲು ಬಂದರು. ಮರುದಿನ ಮಗಳ ಮೊದಲ ಬೈಕ್ ರೇಸ್. ಕೊಳವೆಯ ಬುಡದಲ್ಲಿ ಬಣ್ಣ ಗೆರೆಯಾಗಿ ಸೀಳಿತ್ತು. ಕಬ್ಬಿಣವೂ ಸೀಳಿದೆಯೇ, ಒಳಗೆ ತುಕ್ಕು ಹಿಡಿದಿದೆಯೇ ಎಂಬುದು ಮೇಲಿನಿಂದ ತಿಳಿಯುವಂತಿರಲಿಲ್ಲ.

"ಇದನ್ನ ಕೊಡಲ್ಲ ಮೇಷ್ಟ್ರೇ," ಎಂದರು ಅಕ್ಕ.

"ಬಣ್ಣ ಬಿಟ್ಟಿರೋದಕ್ಕೆ ಇಷ್ಟು ರಂಪಾನಾ? ನಾಳೆ ಒಂದಿನ ಹೋಗಿ ಬರ್ತೀನಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

"ನಾಳೆ ನಿಮ್ಮ ಹಿಂದೆ ಯಾರು ಬರ್ತಿರ್ತಾರೋ, ನಿಮಗೆ ಗೊತ್ತಾ?"

ಅಕ್ಕನ ಕೈಯಲ್ಲಿ ಗ್ರೈಂಡರ್ ಕಿಡಿ ಉಗುಳಿತು. ಕೊಳವೆ ಎರಡು ತುಂಡಾಯಿತು. ಅಕ್ಕ ತುಂಡನ್ನು ಬಾಗಿಲ ಬೆಳಕಿಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿದರು. ತುಕ್ಕಿಲ್ಲ, ಬಿರುಕಿಲ್ಲ. ಕಬ್ಬಿಣ ಹೊಸದರಂತೆ ಗಟ್ಟಿಯಾಗಿತ್ತು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಇಲ್ಲಿ ಕುಂಬಾರನೇ ದೊಣ್ಣೆ ಹಿಡಿದ್ರೆ ಏನು ಹೇಳೋದು?" ಎಂದರು ಮೇಷ್ಟ್ರು. ಗಂಡ ಬಣ್ಣದ ಡಬ್ಬಿಯೊಳಗೆ ನೋಡುತ್ತ ನಗು ತಡೆದುಕೊಂಡರು. ಅಕ್ಕ ತಪ್ಪಾಯಿತು ಎನ್ನಲಿಲ್ಲ. ಹೊಸ ಕೊಳವೆ ಅಳೆದು ಕೆಲಸಕ್ಕೆ ಕೂತರು. ಕತ್ತಲಾಗುವ ಮುನ್ನ ಬೆಸುಗೆ ಮುಗಿಸಿ, ಜಲ್ಲಿ ರಸ್ತೆಯಲ್ಲಿ ಕುಲುಕಿಸಿ ತಂದು, ಮೇಷ್ಟ್ರ ಕಾರಿಗೆ ತಾವೇ ಸಿಕ್ಕಿಸಿ ಕಳಿಸಿದರು. ಮಗಳು ರೇಸಿನಲ್ಲಿ ಕೊನೆಯವಳಾಗಿ ಬಂದಳಂತೆ. ಬೈಕು ಮಾತ್ರ ಸುಖವಾಗಿ ಮನೆ ಸೇರಿತು.

ಗಟ್ಟಿ ಇದ್ದದ್ದನ್ನು ಸುಮ್ಮನೆ ಕತ್ತರಿಸಿದಂತಾಯಿತಲ್ಲ, ಬೇಸರವಾಗಲಿಲ್ಲವೇ ಎಂದು ಕೇಳಿದರೆ, ಅಕ್ಕ ಕೈಗವಸು ಕಳಚಿ ಪಕ್ಕಕ್ಕಿಡುತ್ತಾರೆ.

"ಬೇಸರ ಆಯ್ತು. ಒಳ್ಳೇ ಬೆಸುಗೆ ಅದು, ನೋಡಿದ್ರೆ ನನಗೇ ಖುಷಿಯಾಗೋ ಹಾಗಿತ್ತು," ಎನ್ನುತ್ತಾರೆ. "ಆದ್ರೂ, ನಾನು ಮಾಡಿದ್ದು ಮುರಿಯೋದಾದ್ರೆ ನನ್ನ ಕೈಯಲ್ಲೇ ಮುರೀಲಿ."